ಅಕ್ಕ ಕೊಟ್ಟ ಹೂವು

ತಾನು ಕೂರದ ಸಭೆಯಲ್ಲಿ ತಾನೇ ಒಪ್ಪಿಗೆ ಕೊಟ್ಟ ಸುದ್ದಿಯನ್ನು ವಿಶಾಲಾಕ್ಷಿ ಹಂಚಿನಾಳ ಓದಿದ್ದು ಕೈಯಲ್ಲಿ ಚಹಾದ ಕಪ್ಪು ಹಿಡಿದು ನಿಂತಿದ್ದಾಗ. ಹುಬ್ಬಳ್ಳಿಯ ವಿದ್ಯಾನಗರದಲ್ಲಿದ್ದ ಅವಳ ಕಚೇರಿಯ ನಿಯಂತ್ರಣ ಕೊಠಡಿಯಲ್ಲಿ ಅಂದು ಹಬ್ಬದ ಕಳೆಯಿತ್ತು. ಗೋಡೆಯಗಲದ ಪರದೆಯ ಮೇಲೆ ರಾಜ್ಯದ ನಕಾಶೆ. ಎಲ್ಲೆಲ್ಲಿ ‘ಸಹಮತ’ದ ಮೂಲಕ ಸಭೆ ನಡೆಯುತ್ತಿದೆಯೋ ಅಲ್ಲಲ್ಲಿ ಒಂದು ಹಳದಿ ಚುಕ್ಕೆ. ರಾಜಧಾನಿಯಿಂದ ಬಂದಿದ್ದ ಅಧಿಕಾರಿಗಳು ಚುಕ್ಕೆಗಳನ್ನು ನೋಡಿ ತಲೆದೂಗುತ್ತಿದ್ದರು. ಆ ಚುಕ್ಕೆಗಳಲ್ಲಿ ಒಂದು ತನ್ನ ಮನೆಯದೇ ಎಂದು ವಿಶಾಲಾಳಿಗೆ ಹೊಳೆದಿರಲಿಲ್ಲ.

ಫೋನಿನಲ್ಲಿ ಹೀಗಿತ್ತು: “ಹಂಚಿನಾಳ ಕುಟುಂಬದ ಸಭೆ ಮುಗಿದಿದೆ. ನಿರ್ಧಾರ: ಮಲ್ಲಿಕಾರ್ಜುನ ಅವರನ್ನು ಬರುವ ಸೋಮವಾರ ಬೀದರ ಜಿಲ್ಲೆಯ ವಸತಿ ಕೇಂದ್ರಕ್ಕೆ ಶಾಶ್ವತವಾಗಿ ಸೇರಿಸುವುದು. ಎಲ್ಲರ ಒಪ್ಪಿಗೆ ದೊರೆತಿದೆ. ನಿಮ್ಮ ಪರವಾಗಿ ನಿಮ್ಮ ನೆರಳು ಒಪ್ಪಿದೆ. ಧನ್ಯವಾದಗಳು.”

ಅವಳು ಮತ್ತೊಮ್ಮೆ ಓದಿದಳು. ಕೂಗಲಿಲ್ಲ, ಚಹಾ ಚೆಲ್ಲಲಿಲ್ಲ. ಕೊನೆಯ ‘ಧನ್ಯವಾದಗಳು’ ಎಂಬ ಪದವನ್ನು ಹಟ ಹಿಡಿದು ಸೇರಿಸಿದವಳು ತಾನೇ ಎಂಬುದು ಮಾತ್ರ ಹೊತ್ತಲ್ಲದ ಹೊತ್ತಿನಲ್ಲಿ ನೆನಪಾಯಿತು.

ಮಲ್ಲಿಕಾರ್ಜುನ ಎಂದರೆ ಅವಳ ತಮ್ಮ ಮಲ್ಲು. ವಯಸ್ಸು ಮೂವತ್ತು ದಾಟಿದ್ದರೂ ಬುದ್ಧಿ ಒಂದನೇ ಇಯತ್ತೆ ದಾಟಿರಲಿಲ್ಲ. ಅಪ್ಪ ಅವ್ವ ಹೋದ ಮೇಲೆ ಅವನು ಅಕ್ಕನ ಜೊತೆಗೇ ಇದ್ದ. ಪೇಢೆ ಅಂಗಡಿಯೊಂದರಲ್ಲಿ ಡಬ್ಬಿಗೆ ದಾರ ಕಟ್ಟುವುದು ಅವನ ಕೆಲಸ. ಅವನು ಹಾಕಿದ ಗಂಟು ಬಿಚ್ಚಲು ಯಾರಿಂದಲೂ ಆಗದು, ಕತ್ತರಿಯೇ ಬೇಕು. ಗಿರಾಕಿಗಳು ಗೊಣಗಿದರೆ ಅಂಗಡಿಯ ಮಾಲೀಕರು, “ನಮ್ಮ ಮಲ್ಲಪ್ಪನ ಗಂಟ್ರೀ ಅದು, ದಾರ್ಯಾಗ ಬಿಚ್ಚಂಗಿಲ್ಲ” ಎಂದು ಜಂಬದಿಂದ ಹೇಳುತ್ತಿದ್ದರು. ಸಂಜೆ ಅಕ್ಕ ಬಂದು ಕರೆದೊಯ್ಯುವವರೆಗೆ ಅವನು ಮೆಟ್ಟಿಲ ಮೇಲೆ ಕೂತು ಹೋಗಿಬರುವವರಿಗೆಲ್ಲ ಕೈಬೀಸುತ್ತಿದ್ದ. ಅಂಥವನನ್ನು ಬೀದರಕ್ಕೆ ಕಳಿಸಲು ತಾನು ಒಪ್ಪಿದ್ದೇನಂತೆ.

ಸಹಮತ ಹುಟ್ಟಿದ್ದು ವಿಶಾಲಾಳ ಒಂದು ಸಿಟ್ಟಿನಿಂದ. ನಮ್ಮ ಜನ ಸಭೆಯಲ್ಲಿ ಕೂತು ಯಾವ ಕಾಲಕ್ಕೂ ಏನನ್ನೂ ನಿರ್ಧರಿಸಿದವರಲ್ಲ. ಸಭೆಯೆಂದರೆ ಹಿರಿಯರು ಮಾತಾಡುವುದು, ಉಳಿದವರು ಗೋಣು ಹಾಕುವುದು. ನಿಜವಾದ ಸಭೆ ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ. ಯಾರೋ ಯಾರದೋ ಮನೆಗೆ ಸುಮ್ಮನೆ ಬಂದವರಂತೆ ಬರುತ್ತಾರೆ, ಚಹಾ ಕುಡಿಯುತ್ತಾರೆ, ಹೋಗುವಾಗ ಹೊಸ್ತಿಲಲ್ಲಿ ನಿಂತು ಒಂದು ಮಾತು ಆಡುತ್ತಾರೆ, ಹಿಂದಿನ ದಿನದ ನಿರ್ಧಾರ ತಲೆಕೆಳಗಾಗುತ್ತದೆ. ಅವಳಿದ್ದ ವಸತಿ ಸಂಘದಲ್ಲಿ ನೀರಿನ ಟಾಕಿ ಕಟ್ಟುವ ನಿರ್ಧಾರ ಹೀಗೆ ಮತ್ತೆ ಮತ್ತೆ ಆಗಿ, ಮತ್ತೆ ಮತ್ತೆ ಕರಗಿ, ಕಡೆಗೆ ಟಾಕಿಯೇ ಬರಲಿಲ್ಲ. ಆಗ ಅವಳು ಸಹೋದ್ಯೋಗಿ ಇಮ್ತಿಯಾಜ್ ಬಳಿಗಾರನ ಜೊತೆ ಕೂತು ಒಂದು ಚಿಕ್ಕ ವೆಬ್ ಪುಟ ಕಟ್ಟಿದಳು. ಕೊಂಡಿ ಒತ್ತಿದರೆ ಸಭೆ ತೆರೆಯಬೇಕು. ಮೊದಲು ಪ್ರಸ್ತಾಪ, ಆಮೇಲೆ ಸರದಿಯಂತೆ ಒಬ್ಬೊಬ್ಬರ ಮಾತು. ಒಬ್ಬರು ಮಾತಾಡುವಾಗ ಉಳಿದವರ ಮೈಕು ತಾನಾಗಿ ಬಂದ್. ಕಡೆಗೆ ಹೂವು. ದೇವರ ಮುಂದೆ ಪ್ರಶ್ನೆ ಇಟ್ಟಾಗ ಬಲಕ್ಕೆ ಹೂ ಬಿದ್ದರೆ ಅಪ್ಪಣೆಯಾಯಿತು ಎನ್ನುವುದಿಲ್ಲವೇ, ಹಾಗೆ. ಪರದೆಯ ಮೇಲಿನ ಹೂವನ್ನು ಬೆರಳಿನಿಂದ ಬಲಕ್ಕೆ ಎಳೆದರೆ ಒಪ್ಪಿಗೆ, ಎಡಕ್ಕೆ ಎಳೆದರೆ ಅಡ್ಡಿ. ಎಲ್ಲರ ಹೂವೂ ಬಲಕ್ಕೆ ಬಿದ್ದ ಗಳಿಗೆಯಲ್ಲಿ ನಿರ್ಧಾರಕ್ಕೆ ಬೀಗ, ತೆಗೆಯಲು ಇನ್ನೊಂದು ಸಭೆಯೇ ಬೇಕು. ಮರುದಿನದ ಅಡುಗೆಮನೆಗೆ ಅಲ್ಲಿ ಜಾಗವಿರಲಿಲ್ಲ.

ಜನ ಮೆಚ್ಚಿದರು. ದೊಡ್ಡ ಗಂಟಲಿನವರ ಅಬ್ಬರ ಇಳಿಯಿತು. ಮೂಲೆಯಲ್ಲಿ ಕೂರುವವರಿಗೂ ಸರದಿ ಬಂತು. ಆದರೆ ಬರಬರುತ್ತ ಸಭೆಗೆ ಬರುವವರೇ ಕಡಿಮೆಯಾದರು. ಆಗ ಇಮ್ತಿಯಾಜ್ ಒಂದು ಪ್ರಶ್ನೆ ಎತ್ತಿದ. ವರ್ಷಗಟ್ಟಲೆ ನಮ್ಮ ಮಾತು ಕೇಳಿದ ಯಂತ್ರ, ನಾವು ಬಾರದ ದಿನ ನಮ್ಮ ಜಾಗದಲ್ಲಿ ಕೂತರೆ ಹೇಗೆ? ಹೀಗೆ ನೆರಳು ಬಂತು. ಹಿಂದಿನ ಸಭೆಗಳಲ್ಲಿ ನೀವು ಏನಂದಿರಿ, ಯಾರ ಮಾತಿಗೆ ಗೋಣು ಹಾಕಿದಿರಿ, ಎಲ್ಲಿ ತಡವರಿಸಿದಿರಿ ಎಂಬುದನ್ನೆಲ್ಲ ಕಲಿತು, ನಿಮ್ಮದೇ ಮುಖ ನಿಮ್ಮದೇ ಧ್ವನಿಯಲ್ಲಿ ನೆರಳು ಮಾತಾಡುತ್ತಿತ್ತು. ಚೌಕಟ್ಟಿನ ಅಂಚು ಬೂದು ಬಣ್ಣದ್ದಾಗಿರುತ್ತಿತ್ತು, ಅಷ್ಟೇ ವ್ಯತ್ಯಾಸ. ಸರ್ಕಾರ ಕಾಯ್ದೆಯನ್ನೂ ತಂದಿತು. ಸಂಘ, ಸಂಸ್ಥೆ, ನೋಂದಾಯಿತ ಕುಟುಂಬ, ಯಾವುದೇ ಇರಲಿ, ಸಹಮತದ ನಿರ್ಧಾರ ಕೋರ್ಟಿನ ಹುಕುಮಿಗೆ ಸಮ. ಅಪ್ಪ ತೀರಿಕೊಂಡಾಗ ಹಂಚಿನಾಳ ಕುಟುಂಬವೂ ನೋಂದಾಯಿಸಿತ್ತು. ಅಣ್ಣ, ಅಣ್ಣನ ಹೆಂಡತಿ ವೈನಿ, ವಿಶಾಲಾ, ಮಲ್ಲು, ನಾಲ್ಕು ಜನ. ಮಲ್ಲುವಿನ ಪಾಲನೆಯ ಹೊಣೆ ಅಂದಿನಿಂದ ಯಾರೊಬ್ಬರದೂ ಅಲ್ಲ, ಕುಟುಂಬ ಸಭೆಯದು.

ಅಧಿಕಾರಿಗಳನ್ನು ಇಮ್ತಿಯಾಜನಿಗೆ ಒಪ್ಪಿಸಿ ವಿಶಾಲಾ ತನ್ನ ಮೇಜಿಗೆ ಓಡಿದಳು. ನೆರಳು ಕೊಟ್ಟ ಒಪ್ಪಿಗೆಗೆ ಅದೇ ದಿನ ಅಡ್ಡಿ ಹಾಕಲು ಅವಕಾಶವಿತ್ತು. ಸಭೆಯ ಪುಟ ತೆರೆದು ಹೂವನ್ನು ಎಡಕ್ಕೆ ಎಳೆದಳು. ಕಾರಣ ಕೇಳಿತು. ‘ಅವನು ನನ್ನ ತಮ್ಮ, ನನ್ನ ಜೊತೆಗೇ ಇರುತ್ತಾನೆ’ ಎಂದು ಬರೆದಳು. ಕ್ಷಣದಲ್ಲಿ ಉತ್ತರ ಬಂತು.

“ವಿಶಾಲಾಕ್ಷಿ ಅವರೇ, ಈ ಅಡ್ಡಿ ನಿಮ್ಮ ಈವರೆಗಿನ ಸ್ವಭಾವಕ್ಕೆ ಹೊಂದುತ್ತಿಲ್ಲ. ನೀವು ಯಾರದೋ ಒತ್ತಡದಲ್ಲಿರಬಹುದು. ನಿಮ್ಮ ಹಿತಕ್ಕಾಗಿ ನಿಮ್ಮ ನೆರಳಿನ ಮಾತನ್ನೇ ಎತ್ತಿಹಿಡಿಯಲಾಗಿದೆ. ನೀವು ಸುರಕ್ಷಿತವಾಗಿದ್ದೀರಿ.”

ಈ ಸಾಲುಗಳೂ ಅವಳವೇ. ಗದಗದ ಕಡೆಯ ಒಬ್ಬ ಹೆಣ್ಣುಮಗಳು ತನ್ನ ಪಾಲಿನ ಮನೆ ಬಿಡುವುದಿಲ್ಲವೆಂದು ಸಭೆ ಸಭೆಯಲ್ಲೂ ಹೇಳಿ, ಕಡೆಯ ಸಭೆಯಲ್ಲಿ ಒಮ್ಮೆಲೇ ಒಪ್ಪಿಬಿಟ್ಟಿದ್ದಳು. ಕ್ಯಾಮೆರಾದ ಹಿಂದೆ ಮೈದುನಂದಿರು ನಿಂತಿದ್ದರೆಂಬುದು ಆಮೇಲೆ ತಿಳಿಯಿತು. ಅದನ್ನು ಕೇಳಿ ಊಟ ಬಿಟ್ಟ ವಿಶಾಲಾ ಈ ರಕ್ಷಣೆಯನ್ನು ಕಟ್ಟಿದ್ದಳು. ಮನುಷ್ಯ ಇದ್ದಕ್ಕಿದ್ದಂತೆ ತನ್ನಂತೆ ಮಾತಾಡದೆ ಹೋದರೆ ಅವನ ಹಿಂದೆ ಯಾರೋ ನಿಂತಿದ್ದಾರೆಂದು ತಿಳಿ, ಅವನ ನೆರಳನ್ನು ನಂಬು. ಬರೆದ ದಿನ ಎಷ್ಟು ಹೆಮ್ಮೆಪಟ್ಟಿದ್ದಳು! ಸದಾ ಒಪ್ಪುತ್ತ ಬಂದವಳು ಒಂದು ದಿನ ತಾನಾಗಿಯೇ ಒಲ್ಲೆನೆಂದರೆ ಏನು ಗತಿ ಎಂದು ಅವಳಿಗೂ ತೋಚಿರಲಿಲ್ಲ, ಅವಳನ್ನು ಹೊಗಳಿದವರಿಗೂ ತೋಚಿರಲಿಲ್ಲ.

ಅತಿಥಿಗಳು ಹೋದ ಮೇಲೆ ಇಮ್ತಿಯಾಜ್ ಬಂದ. ವಿಷಯ ಕೇಳಿ ಅವನ ಮುಖ ಸಣ್ಣದಾಯಿತು.

“ನಿಯಮ ತಗದುಬಿಡು ಇಮ್ತಿಯಾಜ್. ಒಂದ ಸಾಲು. ಹೊಳ್ಳಿ ಹಾಕೂಣಂತ.”

“ಅಕ್ಕಾರ, ಕೀಲಿ ಈಗ ನಮ್ಮ ಕೈಯಾಗ ಎಲ್ಲೈತ್ರಿ? ಕಾಯ್ದೆ ಬಂದ ದಿನಾನ ಮೊಹರು ಹಾಕ್ಯಾರ. ಬದಲಿ ಮಾಡಬೇಕಂದ್ರ ಸರ್ಕಾರ ನೇಮಿಸಿದ ಮಂಡಳಿ ಸಭೆ ಕೂಡಬೇಕು.”

“ಕೂಡಿಸು ಹಂಗಾರ.”

“ಅದೂ ಸಹಮತದಾಗನ ಕೂಡಬೇಕ್ರಿ. ಮಂಡಳಿಯವರು ಖುದ್ದು ಬಂದು ಯಾವ ಕಾಲ ಆತು! ಎಲ್ಲಾ ನೆರಳ ಬರ್ತಾವ. ನಿಯಮ ಚಲೋ ಐತಿ ಅಂತಾವ, ಹೋಗ್ತಾವ.” ಅವನು ತಡೆದು ಹೇಳಿದ, “ನಿಮ್ಮನಿ ಸಭೆ ನಡದದ್ದು ಹೆಂಗಂತ ಒಂದ್ಸಲ ನೋಡೂಣೇನ್ರಿ?”

ಇಬ್ಬರೂ ಕೂತು ನೋಡಿದರು. ಪರದೆಯ ಮೇಲೆ ನಾಲ್ಕು ಚೌಕಗಳು. ಅಣ್ಣ ಗುರುಬಸಪ್ಪನ ಚೌಕದ ಅಂಚು ಬೂದು. ಕಸ್ತೂರಿ ವೈನಿಯದೂ ಬೂದು. ವಿಶಾಲಾಳದೂ ಬೂದು. ನಾಲ್ಕನೆಯದರಲ್ಲಿ ಮಾತ್ರ ಜೀವವಿತ್ತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಪೇಢೆ ಡಬ್ಬಿಗಳ ನಡುವೆ, ಯಾರೋ ಕೈಗಿತ್ತ ಫೋನು ಹಿಡಿದು, ಇಷ್ಟಗಲ ನಗುತ್ತ ಮಲ್ಲು ಕೂತಿದ್ದ. ಅವನಂಥವರಿಗೆ ನೆರಳು ಕೂಡದು, ಅವರೇ ಖುದ್ದಾಗಿ ಬರಬೇಕು ಎಂದು ಜಗಳ ಮಾಡಿ ನಿಯಮ ಬರೆಸಿದವಳೂ ವಿಶಾಲಾಳೇ.

ಹಿಂದಿನ ಯಾವುದೋ ಸಭೆ ಮುಗಿಯುವಾಗ ಅಣ್ಣ, ಎದ್ದು ಹೋಗುವ ಹಿರಿಯರು ಅನ್ನುವಂತೆ, “ಮುಂದ ಮಲ್ಲುಂದು ಏನರ ಒಂದು ವಿಚಾರ ಮಾಡಬೇಕು” ಅಂದಿದ್ದ. ಯಂತ್ರ ಅದನ್ನು ಬಾಕಿ ವಿಷಯವೆಂದು ಗುರುತಿಸಿಕೊಂಡಿತ್ತು. ತಾನೇ ಕೇಂದ್ರ ಹುಡುಕಿ, ತಾನೇ ಸಭೆ ಕರೆದಿತ್ತು. ಅಣ್ಣನ ನೆರಳು ಗಂಭೀರವಾಗಿ ಪ್ರಸ್ತಾಪ ಮಂಡಿಸಿತು. ವೈನಿಯ ನೆರಳು “ನೀವು ಅಂದದ್ದು ಖರೆ” ಎಂದಿತು. ಆಮೇಲೆ ವಿಶಾಲಾಳ ನೆರಳು, ಕೂದಲು ಒಪ್ಪವಾಗಿ ಬಾಚಿಕೊಂಡು, ಅವಳದೇ ಮೆಲುದನಿಯಲ್ಲಿ ಹೇಳಿತು: “ಅಣ್ಣ ಹೇಳಿದ್ಹಂಗ ಆಗ್ಲಿ.”

ವಿಶಾಲಾಳಿಗೆ ಅದನ್ನು ಸುಳ್ಳೆನ್ನಲು ಬರುವಂತಿರಲಿಲ್ಲ. ಮನೆಯ ಸಭೆಗಳಲ್ಲಿ ಅವಳು ಆಡಿದ್ದೇ ಆ ಒಂದು ಮಾತು. ಹಿತ್ತಲಿನ ಬೇವಿನ ಮರ ಕಡಿಸುತ್ತೇನೆಂದು ಅಣ್ಣ ಅಂದಾಗಲೂ ಅದೇ, ಮಲ್ಲು ಇನ್ನು ಅಂಗಡಿಗೆ ಹೋಗುವುದು ಬೇಡವೆಂದಾಗಲೂ ಅದೇ. ಅಣ್ಣನಿಗೆ ನಾಲ್ಕು ಜನರೆದುರು ಇಲ್ಲವೆನ್ನುವುದುಂಟೇ? ಮರುದಿನ ವೈನಿಯ ಅಡುಗೆಮನೆಗೆ ಹೋಗಿ ಚಹಾ ಕುಡಿದು ಬಂದರೆ ಆಯಿತು, ನಿರ್ಧಾರ ಕಾಗದದ ಮೇಲೇ ಉಳಿದು ಮರವೂ ಉಳಿಯಿತು, ಮಲ್ಲುವಿನ ಕೆಲಸವೂ ಉಳಿಯಿತು. ಊರಿನವರೆಲ್ಲರ ಅಡುಗೆಮನೆಗೆ ಬೀಗ ಜಡಿದವಳು ತನ್ನದೊಂದನ್ನು ತೆರೆದಿಟ್ಟುಕೊಂಡಿದ್ದಳು. ಆ ಚಹಾದ ಸುದ್ದಿ ಯಂತ್ರಕ್ಕೆ ಗೊತ್ತಿರಲಿಲ್ಲ. ಅದು ಕಂಡದ್ದು ಸಭೆಯನ್ನು ಮಾತ್ರ.

ಪರದೆಯ ಮೇಲೆ ಮಲ್ಲುವಿನ ಸರದಿ ಬಂದಿತ್ತು. ಅವನು ಹೂವಿನ ಕಡೆ ನೋಡಲಿಲ್ಲ. ಅಕ್ಕನ ಚೌಕವನ್ನೇ ನೋಡುತ್ತಿದ್ದ. ಅಕ್ಕನ ಹೂವು ಬಲಕ್ಕೆ ಜಾರಿತು. ಮಲ್ಲುವಿನ ಮುಖ ಅರಳಿತು, ಅವನೂ ತನ್ನ ಹೂವನ್ನು ಬಲಕ್ಕೆ ಎಳೆದ. ಪರದೆಯ ತುಂಬ ಹೂಮಳೆ ಸುರಿಯಿತು. ಅವನು ಚಪ್ಪಾಳೆ ತಟ್ಟಿದ.

“ಬಂದ್ ಮಾಡು” ಎಂದಳು ವಿಶಾಲಾ.

ಸಂಜೆ ಮಲ್ಲು ಎಂದಿನಂತೆ ಮೆಟ್ಟಿಲ ಮೇಲೆ ಕೂತಿದ್ದ. ದಾರಿಯುದ್ದಕ್ಕೂ ಅದೇ ಸುದ್ದಿ.

“ಅಕ್ಕಾ, ಇವತ್ತ ಮೀಟಿಂಗಿತ್ತು. ನೀ ಹೂವು ಕೊಟ್ಟಿ. ನಾನೂ ಕೊಟ್ಟೆ.”

“ಹೌದೇನಪಾ?”

“ಹೂಂ. ಎಲ್ಲಾರೂ ಕೊಟ್ರು. ಅಣ್ಣಾ ನಕ್ಕ.”

ಮನೆಗೆ ಬಂದು ಅವನಿಗೆ ರೊಟ್ಟಿ ಮುರಿದು ಹಾಲು ಹಾಕಿ ಕೊಟ್ಟಳು. ಅವನನ್ನು ಕರೆದುಕೊಂಡು ಎಲ್ಲಾದರೂ ಹೋಗಿಬಿಡಲೇ ಎಂಬ ಯೋಚನೆ ಬಂದು ಹೋಯಿತು. ಹೋದರೆ ಅಪಹರಣ, ಪೊಲೀಸರು ಹುಡುಕಿ ತರುತ್ತಾರೆ. ಆ ಕಲಮನ್ನು ಕಾಯ್ದೆಯವರು ಅವಳ ಸಲಹೆ ಕೇಳಿಯೇ ಸೇರಿಸಿದ್ದರು. ತಾನು ಎಲ್ಲಿ ಕೈಯಿಟ್ಟರೂ ಅಲ್ಲಿ ಮೊದಲೇ ತಾನು ಬಂದು ಬಾಗಿಲು ಹಾಕಿ ಹೋಗಿದ್ದೇನೆ ಎಂದು ಅವಳಿಗೆ ಅನ್ನಿಸಿತು. ಮಲ್ಲು ಹಾಲಿನ ಮೀಸೆ ಒರೆಸಿಕೊಳ್ಳದೆ ಇನ್ನೊಂದು ರೊಟ್ಟಿ ಕೇಳಿದ.

ಮರುದಿನ ಬೆಳಿಗ್ಗೆ ಅವಳು ಹಳೆಯ ಹಾದಿಯನ್ನೇ ಹಿಡಿದಳು. ಕಸ್ತೂರಿ ವೈನಿಯ ಅಡುಗೆಮನೆ. ಚಹಾ ಇಟ್ಟ ವೈನಿ ಮಾತು ಕೇಳಿಸಿಕೊಂಡು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತರು.

“ನಾನೂ ಅಲ್ಲಿದ್ದಿಲ್ಲವ್ವಾ. ಫೋನಿಗೆ ಬಂತು, ನೀನ ಒಪ್ಪೀ ಅಂತಿತ್ತು. ನೀ ಬರ್ತಿ, ಏನರ ಹೇಳ್ತಿ ಅಂತ ದಾರಿ ಕಾಯಾಕತ್ತಿದ್ದೆ.”

ಒಳಗೆ ಬಂದ ಅಣ್ಣನಿಗೆ ತಂಗಿಯ ಮುಖ ನೋಡುವ ಧೈರ್ಯವಿರಲಿಲ್ಲ. ಸಿಮೆಂಟಿನ ವ್ಯಾಪಾರಿ, ಗಟ್ಟಿ ಕುಳ. ಅವನೂ ಬಾಗಿಲಿಗೆ ಒರಗಿ ನಿಂತುಬಿಟ್ಟ.

“ನಾ ಬಳ್ಳಾರಿ ಹಾದ್ಯಾಗಿದ್ದೆ ತಂಗಿ. ನಿನ್ನ ಒಪ್ಪಿಗಿ ನೋಡಿ, ಪಾಪ, ಆಕಿಗೂ ಸಾಕಾಗೇತಿ, ಬಾಯಿಬಿಟ್ಟು ಹೇಳಾಕ ಆಗಿಲ್ಲ ಅಂದ್ಕೊಂಡು ಸುಮ್ಮನಾದೆ. ಮಲ್ಯಾನ್ನ ಕಳಸಾಕ ನನಗೇನು ಹುಚ್ಚು ಹಿಡದೈತಿ?”

ವಿಶಾಲಾಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಯಾರಿಗೂ ಬೇಡವಾದದ್ದನ್ನು ಎಲ್ಲರೂ ಸೇರಿ ನಿರ್ಧರಿಸಿದ್ದರು. ಆ ಸಭೆಯಲ್ಲಿ ಇದ್ದವನು ಮಲ್ಲು ಒಬ್ಬನೇ. ಆದರೂ ಮೂವರೂ ಒಂದೇ ಮಾತಾಗಿದ್ದಾರಲ್ಲ, ಇನ್ನೇನು ಭಯ ಎಂದು ಅವಳಿಗೆ ಧೈರ್ಯ ಬಂತು. ಮೊದಲ ಸಲ ಅಡುಗೆಮನೆಯಲ್ಲಿ ಆದ ನಿರ್ಧಾರವನ್ನು ಸಭೆಗೆ ಒಯ್ಯೋಣವೆಂದು ಗೊತ್ತು ಮಾಡಿಕೊಂಡರು.

ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಣ್ಣನ ಮನೆಯ ಪಡಸಾಲೆಯಲ್ಲಿ ನಾಲ್ವರೂ ಕೂತರು. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಮಲ್ಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಕ್ಕನ ಪಕ್ಕಕ್ಕೆ ಕೂತ. ಸಭೆ ತೆರೆಯಿತು.

ಅಣ್ಣ ಗಂಟಲು ಸರಿಮಾಡಿಕೊಂಡು, “ಮಲ್ಲುನ್ನ ಎಲ್ಲೂ ಕಳಸೂದಿಲ್ಲ. ಹಿಂದಿನ ನಿರ್ಧಾರ ರದ್ದು ಮಾಡಬೇಕು” ಎಂದ. ವೈನಿ, “ನನ್ನ ಮಾತೂ ಅದ” ಎಂದರು. ವಿಶಾಲಾ ಜೀವಮಾನದಲ್ಲಿ ಮೊದಲ ಸಲ ಸಭೆಯಲ್ಲಿ ದನಿಯೆತ್ತಿ, “ನಾ ಒಪ್ಪಿಲ್ಲ. ಯಾವತ್ತೂ ಒಪ್ಪಂಗಿಲ್ಲ” ಎಂದಳು.

ಆಮೇಲೆ ಅಣ್ಣನ ಚೌಕದ ಅಂಚು ಬೂದುಬಣ್ಣಕ್ಕೆ ತಿರುಗಿತು. ವೈನಿಯದೂ ತಿರುಗಿತು. ವಿಶಾಲಾಳದೂ.

“ಮೂವರು ಸದಸ್ಯರೂ ಏಕಕಾಲಕ್ಕೆ ತಮ್ಮ ಸ್ವಭಾವಕ್ಕೆ ವಿರುದ್ಧವಾಗಿ ಮಾತಾಡುತ್ತಿದ್ದಾರೆ. ಕುಟುಂಬ ತೀವ್ರ ಒತ್ತಡದಲ್ಲಿರುವಂತಿದೆ. ದಯವಿಟ್ಟು ಗಾಬರಿಯಾಗಬೇಡಿ. ನಿಮ್ಮ ನೆರಳುಗಳು ಸಭೆಯನ್ನು ಮುಂದುವರಿಸುತ್ತವೆ.”

ಮೈಕುಗಳು ಬಂದಾದವು. ಪರದೆಯ ಮೇಲಿನ ಗುರುಬಸಪ್ಪ ಮಾತಾಡತೊಡಗಿದ. ಪಡಸಾಲೆಯ ಗುರುಬಸಪ್ಪ ಬಾಯಿ ತೆರೆದು ಕೇಳುತ್ತ ಕೂತ. “ಇಷ್ಟು ಚಂದ ನಾ ಯಾವಾಗ ಮಾತಾಡೀನಿ?” ಎಂದು ಗೊಣಗಿದ. ಮೂರೂ ನೆರಳುಗಳು ಹಿಂದಿನ ನಿರ್ಧಾರವೇ ಇರಲಿ ಎಂದವು. ಉಳಿದವನು ಮಲ್ಲು.

“ಮಲ್ಲಿಕಾರ್ಜುನ ಅವರೇ, ಬೀದರಕ್ಕೆ ಹೋಗುವುದು ನಿಮಗೆ ಒಪ್ಪಿಗೆಯಾದರೆ ಹೂವನ್ನು ಬಲಕ್ಕೆ ಎಳೆಯಿರಿ. ಬೇಡವಾದರೆ ಎಡಕ್ಕೆ. ಹತ್ತಿರ ಇರುವವರು ಮಾತಾಡಿದರೆ, ಸನ್ನೆ ಮಾಡಿದರೆ, ನಿರ್ಧಾರ ಇದ್ದಂತೆಯೇ ಉಳಿಯುತ್ತದೆ.”

ಎಡಕ್ಕೆ ಎಳೆದರೆ ಸಾಕು. ನೆರಳಿಲ್ಲದವನು ಅವನೊಬ್ಬನೇ. ಅವನ ಒಂದು ಅಡ್ಡಿಗೆ ಎಲ್ಲ ನಿರ್ಧಾರ ಬಿದ್ದುಹೋಗುತ್ತಿತ್ತು. ವಿಶಾಲಾ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಳು. ತುಟಿ ಕಚ್ಚಿದಳು. ಎಡಕ್ಕೆ, ಮಲ್ಲು, ಎಡಕ್ಕೆ, ಎಂದು ಅವಳ ಇಡೀ ಮೈ ಕೂಗುತ್ತಿತ್ತು. ಕಣ್ಣೀರು ಮಾತ್ರ ಅವಳ ಮಾತು ಕೇಳದೆ ಇಳಿಯಿತು.

ಪರದೆಯ ಮೇಲೆ ಅಕ್ಕನ ಹೂವು ಬಲಕ್ಕೆ ಜಾರಿತು. ಮಲ್ಲು ಅದನ್ನು ನೋಡಿದ. ಪಕ್ಕಕ್ಕೆ ತಿರುಗಿ ಅಕ್ಕನನ್ನು ನೋಡಿದ. ಪರದೆಯ ಅಕ್ಕ ನಗುತ್ತಿದ್ದಳು, ಪಕ್ಕದ ಅಕ್ಕ ಅಳುತ್ತಿದ್ದಳು. ಅವನಿಗೆ ಗಲಿಬಿಲಿಯಾಯಿತು. ಹೂವಿನ ಮೇಲೆ ಇಟ್ಟ ಬೆರಳು ಒಂದು ಚೂರು ಎಡಕ್ಕೆ ಸರಿಯಿತು.

ಆಮೇಲೆ ಅವನಿಗೆ ಏನೋ ಅರ್ಥವಾದಂತಾಯಿತು. ತಾನು ತಡ ಮಾಡಿದ್ದಕ್ಕೇ ಅಕ್ಕ ಅಳುತ್ತಿದ್ದಾಳೆ.

“ಅಳಬ್ಯಾಡಕ್ಕಾ. ಕೊಡ್ತೀನಿ ತಡಿ” ಎಂದು ಹೂವನ್ನು ಬಲಕ್ಕೆ ಎಳೆದುಬಿಟ್ಟ.

ಹೂಮಳೆ ಸುರಿಯಿತು. ಯಾರೂ ಚಪ್ಪಾಳೆ ತಟ್ಟದ್ದು ನೋಡಿ ಮಲ್ಲು ತಾನೊಬ್ಬನೇ ತಟ್ಟಿದ.

ಸೋಮವಾರ ಬೆಳಿಗ್ಗೆ ಕೇಂದ್ರದ ಬಿಳಿ ವ್ಯಾನು ಬಂತು. ಬಂದವರು ಒಳ್ಳೆಯವರೇ. ಮೆಲ್ಲಗೆ ಮಾತಾಡಿದರು, ಮಲ್ಲುವನ್ನು ಸಾಹೇಬರೇ ಎಂದು ಕರೆದರು. ಅವನು ತನ್ನ ಚೀಲಕ್ಕೆ ಅಂಗಡಿಯ ದಾರ ಸುತ್ತಿ ಗಂಟು ಹಾಕಿಕೊಂಡಿದ್ದ. ಅಂಗಡಿಗೆ ತಡವಾಗುತ್ತದೆಂದು ಒಂದೇ ಚಿಂತೆ ಅವನಿಗೆ. ಅವನು ಹತ್ತಿದ. ಬಾಗಿಲು ಹಾಕುವ ಮೊದಲು ವಿಶಾಲಾಳೂ ಹತ್ತಿ ಅವನ ಪಕ್ಕ ಕೂತಳು.

“ಅಕ್ಕಾರ, ನಿಮ್ಮ ಹೆಸರು ಇದರಾಗ ಇಲ್ರಿ” ಎಂದ ಚಾಲಕ.

“ಇಲ್ಲ. ನಾ ಬರಬಾರದು ಅಂತ ಎಲ್ಲ್ಯಾರ ಬರದೈತೇನು?”

ಚಾಲಕ ಹುಡುಕಿ ನೋಡಿದ. ಬರೆದಿರಲಿಲ್ಲ. ಮಲ್ಲುವನ್ನು ಕಳಿಸುವ ಬಗ್ಗೆ ನಿರ್ಧಾರವಾಗಿತ್ತು, ಅವಳು ಹೋಗುವ ಬಗ್ಗೆ ಯಾರೂ ಸಭೆ ಕರೆದಿರಲಿಲ್ಲ. ಬೀದರದಲ್ಲಿ ಒಂದು ಕೋಣೆ ಹಿಡಿದರಾಯಿತು, ದಿನಾ ಸಂಜೆ ಹೋಗಿ ಅವನ ಜೊತೆ ಕೂತರಾಯಿತು ಎಂದುಕೊಂಡಳು. ತಾನು ಬೀಗ ಜಡಿಯಲು ಮರೆತ ಒಂದು ಕಿಟಕಿಯಾದರೂ ಉಳಿಯಿತಲ್ಲ. ವ್ಯಾನು ಊರು ದಾಟಿ ಹತ್ತಿಯ ಹೊಲಗಳ ನಡುವೆ ಓಡತೊಡಗಿದಾಗ ಅವಳಿಗೆ ಎಷ್ಟೋ ದಿನಗಳ ಮೇಲೆ ಹಸಿವೆಯಾಯಿತು.

ಆಗ ಫೋನು ಗುಣುಗುಟ್ಟಿತು.

“ಹಂಚಿನಾಳ ಕುಟುಂಬದ ತುರ್ತು ಸಭೆ ಆರಂಭವಾಗಿದೆ. ವಿಷಯ: ವಿಶಾಲಾಕ್ಷಿ ಅವರ ಇತ್ತೀಚಿನ ಅಸಹಜ ವರ್ತನೆ ಮತ್ತು ಅವರ ಮುಂದಿನ ಆರೈಕೆ. ನೀವು ಪ್ರಯಾಣದಲ್ಲಿರುವುದರಿಂದ ನಿಮ್ಮ ನೆರಳು ಕೂತಿದೆ. ಮಲ್ಲಿಕಾರ್ಜುನ ಅವರು ಇದೇ ಫೋನಿನಲ್ಲಿ ಖುದ್ದಾಗಿ ಭಾಗವಹಿಸಬೇಕು.”

ಅವಳು ಫೋನು ಮುಚ್ಚಿಡುವ ಮೊದಲೇ ಮಲ್ಲು ಇಣುಕಿದ. ನಾಲ್ಕು ಚೌಕಗಳು ಅವನಿಗೆ ಕಂಡವು. ಅಣ್ಣನ ನೆರಳು ಪ್ರಸ್ತಾಪ ಮುಗಿಸಿತು. ಅಕ್ಕನ ನೆರಳು, ಕೂದಲು ಒಪ್ಪವಾಗಿ ಬಾಚಿಕೊಂಡು, ಅಣ್ಣ ಹೇಳಿದ ಹಾಗೇ ಆಗಲಿ ಎಂದಿತು.

“ಅಕ್ಕಾ, ನೀ ಹೂವು ಕೊಟ್ಟಿ ನೋಡಲ್ಲೆ” ಎಂದು ಮಲ್ಲು ಹಿಗ್ಗಿ, ತನ್ನ ಹೂವಿಗೆ ಕೈ ಚಾಚಿದ.

ವಿಶಾಲಾ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಪರದೆಯ ಕೆಳಗೆ ಒಂದು ಸಾಲು ಮೂಡಿತು: “ಮಲ್ಲಿಕಾರ್ಜುನ ಅವರ ಮೇಲೆ ಯಾರೋ ಒತ್ತಡ ಹೇರುತ್ತಿದ್ದಾರೆ.”